ರಾತ್ರೋರಾತ್ರಿ ನೆರಳು ಮಾಯ!

ಮೈಸೂರಿನ ಹೈದರಾಲಿ ರಸ್ತೆಯಲ್ಲಿ 2025ರ ಏಪ್ರಿಲ್ ತಿಂಗಳ ಒಂದು ರಾತ್ರಿ 40 ಮರಗಳು ನೆಲಕ್ಕುರುಳಿದವು. ಕಾರಣ ಅದೇ ಹಳೇ ರಾಗ: ರಸ್ತೆ ಅಗಲೀಕರಣ. ಬೆಳಗ್ಗೆ ಜನ ಎದ್ದು ನೋಡಿದರೆ ಬರೀ ಬೊಡ್ಡೆ. ಪ್ರತಿಭಟನೆಯೇನೋ ನಡೆಯಿತು. ಕಡಿದ ಮರ ಎದ್ದು ನಿಂತೀತೆ?

ಕಾನೂನು ಇಲ್ಲ ಅಂತಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಮರ ಕಡಿಯೋಕೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. 50ಕ್ಕಿಂತ ಹೆಚ್ಚು ಮರವಾದರೆ ಮೊದಲು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಇಲ್ಲಿ ಬಿದ್ದದ್ದು 40. ಕೇಳೋ ಗೋಜೇ ಇಲ್ಲ!

ನೆರಳಿನ ಬೆಲೆ ಗೊತ್ತಿರೋದು ಗಾಜು ಏರಿಸಿಕೊಂಡು ಕಾರಿನಲ್ಲಿ ಹೋಗೋರಿಗಲ್ಲ. ಏಪ್ರಿಲ್ ಬಿಸಿಲಲ್ಲಿ ಬಸ್ಸಿಗೆ ಕಾಯೋರಿಗೆ, ಮಧ್ಯಾಹ್ನವಾದರೆ ಅಂಗಡಿ ಮುಂದೆ ಗೋಣಿತಾಟು ಇಳಿಬಿಡೋ ವ್ಯಾಪಾರಿಗೆ. ಮರ ಬಿಸಿಲು ತಡೆಯೋದಷ್ಟೇ ಅಲ್ಲ, ಎಲೆಗಳಿಂದ ನೀರಾವಿ ಬಿಟ್ಟು ಸುತ್ತಲ ಗಾಳಿಯನ್ನೇ ತಣಿಸುತ್ತದೆ. ತಗಡಿನ ತಂಗುದಾಣಕ್ಕೆ ಆ ವಿದ್ಯೆ ಎಲ್ಲಿ ಬರಬೇಕು? ಅದು ಕಾದು ಕೆಳಗಿದ್ದವರನ್ನೇ ಬೇಯಿಸುತ್ತೆ.

ಬದಲಿಗೆ ಸಸಿ ನೆಡ್ತೀವಿ ಅನ್ನೋದು ಇಂಥ ಕಡೆಯೆಲ್ಲ ಕೇಳಿಬರುವ ಮಾತು. ನೆಡಲಿ, ಬೇಡ ಅಂದವರ್ಯಾರು? ಆದರೆ ಸಸಿ ಬೆಳೆದು ರಸ್ತೆಗೆ ನೆರಳು ಚೆಲ್ಲೋಕೆ ಹತ್ತಾರು ವರ್ಷ ಬೇಕು. ಅಲ್ಲೀವರೆಗೆ ಬಸ್ಸಿಗೆ ನಿಂತೋರು ಕೊಡೆ ಬಿಚ್ಚಲೇಬೇಕು.