ಸರಾಸರಿ ನಂಬಿ ಹೋಳಿಗೆ ತಟ್ಟಬೇಡಿ!

ಮಗಳ ಬಿಬಿಎ ಪುಸ್ತಕದಲ್ಲಿ ‘ಬಿಸಿನೆಸ್ ಅನಲಿಟಿಕ್ಸ್’ ಅಂತ ಕಂಡರೆ ‘ಇದೆಲ್ಲ ನಮಗ್ಯಾಕೆ’ ಅಂತೀರಾ? ಮನೆಯಲ್ಲೇ ಹೋಳಿಗೆ ಮಾಡಿ ಮಾರುವವರಿಗೂ ಇದು ಬೇಕು.

ಐದು ದಿನದಲ್ಲಿ 20, 20, 25, 25 ಮತ್ತು ಹಬ್ಬದ ದಿನ 110 ಹೋಳಿಗೆ ಖರ್ಚಾಯಿತು ಎಂದಿಟ್ಟುಕೊಳ್ಳಿ. ಸರಾಸರಿ 40. ಹಾಗಂತ ದಿನಾ 40 ತಟ್ಟಿದರೆ ನಾಲ್ಕು ದಿನ ಉಳಿದು ಕೈ ಕಚ್ಚುತ್ತೆ, ಹಬ್ಬಕ್ಕೆ ಸಾಲದೇ ಗಿರಾಕಿ ವಾಪಸ್! ಏರಿಕೆ ಕ್ರಮದಲ್ಲಿ ಬರೆದಾಗ ನಡುವೆ ನಿಲ್ಲುವ 25, ಅಂದರೆ ಮಧ್ಯಾಂಕ, ಮಾಮೂಲಿ ದಿನದ ನಿಜ ಹೇಳುತ್ತೆ. ಹಬ್ಬಕ್ಕೆ ಬೇರೆಯೇ ಲೆಕ್ಕ ಇಡಿ. ಕಾಲೇಜಿನಲ್ಲಿ ಆರಂಭಕ್ಕೆ ಕಲಿಸುವುದೂ ಇಂಥದ್ದನ್ನೇ.

ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಇಂಥ ಪಾಠಗಳನ್ನು ಉಚಿತವಾಗಿ ಕಲಿಯಬಹುದು. ಸರ್ಟಿಫಿಕೇಟ್ ಬೇಕಾದರೆ ಪರೀಕ್ಷಾ ಶುಲ್ಕವುಂಟು. ಸದ್ಯಕ್ಕೆ ಒಂದು ಡೈರಿ ಸಾಕು. ದಿನದ ಮಾರಾಟ, ಉಳಿಕೆ ಎರಡನ್ನೂ ಇವತ್ತಿನಿಂದಲೇ ಬರೆದಿಡಿ.