ಬಿಸಿ ಗುರುತಿಸಿ ಹಿಂಬಾಲಿಸುವ ಯಂತ್ರ: ಪ್ರಾಜೆಕ್ಟ್ ನೆರವು ಏಕೆ, ಯಾವುದಕ್ಕೆ?

ಅಂತಿಮ ವರ್ಷದ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅರ್ಜಿಗಳಲ್ಲಿ ಕಾಲೇಜು ಶುಲ್ಕ, ಹಾಸ್ಟೆಲ್, ಪುಸ್ತಕಗಳ ಜೊತೆಗೆ ‘ಪ್ರಾಜೆಕ್ಟ್ ವೆಚ್ಚ’ ಎಂಬ ಇನ್ನೊಂದು ಸಾಲು ಇರುತ್ತದೆ. ಇದೇನು ಖರ್ಚು, ದಾನದ ಹಣದಿಂದ ಇದನ್ನೇಕೆ ಭರಿಸಬೇಕು ಎಂದು ದಾನಿಗಳು ಕೇಳುತ್ತಾರೆ. ಪೇಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ವರದಿಯ ಸಮೇತ ಸಿಗುತ್ತದಂತೆ, ಅದನ್ನೇ ಕೊಂಡರಾಗದೇ ಎಂದು ಪೋಷಕರು ಕೇಳುತ್ತಾರೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಒಂದು ಪ್ರಾಜೆಕ್ಟನ್ನೇ ಎದುರಿಗಿಟ್ಟುಕೊಂಡು ಉತ್ತರಿಸುತ್ತೇವೆ.

ಪ್ರಾಜೆಕ್ಟಿನ ಹೆಸರು ದೊಡ್ಡದು: ‘ಶಾಖ ಗ್ರಹಿಸಿ ಗುರಿಯನ್ನು ತಾನಾಗಿ ಹಿಂಬಾಲಿಸುವ ವ್ಯವಸ್ಥೆ’. ‘ಗುರಿ’ ಎಂಬ ಪದ ಕಂಡು ಯಾರೂ ಗಾಬರಿಯಾಗಬೇಕಿಲ್ಲ. ಯಂತ್ರ ಯಾವುದರ ಮೇಲೆ ಕಣ್ಣಿಡುತ್ತದೆಯೋ ಅದಕ್ಕೆ ಇಂಜಿನಿಯರಿಂಗ್‌ನಲ್ಲಿ ಹಾಗೆ ಹೇಳುತ್ತಾರೆ. ಕೋಣೆಯಲ್ಲಿ ಮನುಷ್ಯ ಎಲ್ಲಿದ್ದಾನೆಂದು ತಿಳಿದು ಅತ್ತ ಮುಖ ತಿರುಗಿಸುವ ಒಂದು ಸಣ್ಣ ಫ್ಯಾನ್ ಅನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎದ್ದು ಸ್ವಿಚ್ಚಿನವರೆಗೆ ಹೋಗಲಾಗದ ರೋಗಿಗೆ, ವಯಸ್ಸಾದವರಿಗೆ ಇದು ಉಪಯೋಗದ ವಸ್ತು.

ಕಾಣದ ಬೆಳಕು

ಬಿಸಿಯಾದ ಪ್ರತಿ ವಸ್ತುವೂ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು, ಅಂದರೆ ಇನ್‌ಫ್ರಾರೆಡ್ ಕಿರಣಗಳನ್ನು ಹೊರಸೂಸುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣದ ಆಚೆ ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟಾಗ ಅದರ ಪಾದರಸ ಏರಿತು. ಈ ಕಿರಣಗಳು ಗೊತ್ತಾದದ್ದು ಹೀಗೆ. ಮನುಷ್ಯನ ಚರ್ಮದಿಂದ ಹೊರಡುವ ಕಿರಣಗಳು ಸುಮಾರು 9.5 ಮೈಕ್ರೋಮೀಟರ್ ತರಂಗಾಂತರದಲ್ಲಿ ಅತಿ ಹೆಚ್ಚು ಇರುತ್ತವೆ. ಇವು ಕಿಟಕಿಯ ಗಾಜನ್ನು ದಾಟುವುದಿಲ್ಲ. ಆದ್ದರಿಂದ ಸೆನ್ಸರಿನ ಮುಂದೆ ಅಂದಕ್ಕೆಂದು ಗಾಜು ಕೂರಿಸಿದರೆ ಯಂತ್ರ ಕುರುಡಾಗುತ್ತದೆ.

ಅರವತ್ನಾಲ್ಕು ಮನೆ

ಮೆಟ್ಟಿಲ ಬಳಿ ತಾನಾಗಿ ಹೊತ್ತುವ ದೀಪಗಳಲ್ಲಿ ಪಿಐಆರ್ ಎಂಬ ಅಗ್ಗದ ಸೆನ್ಸರ್ ಇರುತ್ತದೆ. ಬಿಸಿಯಾದದ್ದೇನೋ ಅಲುಗಾಡಿತು ಎಂದಷ್ಟೇ ಅದು ಹೇಳಬಲ್ಲದು. ಎಲ್ಲಿ ಎಂದು ಹೇಳಲಾರದು, ಅಲುಗಾಡದೆ ಕುಳಿತವರು ಅದಕ್ಕೆ ಇಲ್ಲದಂತೆಯೇ. ಹಿಂಬಾಲಿಸುವ ಯಂತ್ರಕ್ಕೆ ಬೇರೆ ಸೆನ್ಸರ್ ಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಎಎಂಜಿ8833 ಎಂಬ ಸೆನ್ಸರ್ ತನ್ನ ಮುಂದಿನ 60 ಡಿಗ್ರಿ ಅಗಲದ ನೋಟವನ್ನು ಚದುರಂಗದ ಹಲಗೆಯಂತೆ 8×8, ಒಟ್ಟು 64 ಮನೆಗಳಾಗಿ ಹಂಚಿ, ಪ್ರತಿ ಮನೆಯ ಉಷ್ಣತೆಯನ್ನು ಸೆಕೆಂಡಿಗೆ ಹತ್ತು ಬಾರಿ ತಿಳಿಸುತ್ತದೆ. ಒಂದು ಮನೆಯ ಅಗಲ ಏಳೂವರೆ ಡಿಗ್ರಿ. ಇಷ್ಟು ಒರಟು ಚಿತ್ರದಲ್ಲಿ ಮುಖ ಗುರುತು ಸಿಗುವುದಿಲ್ಲವಾದ್ದರಿಂದ ಮಲಗುವ ಕೋಣೆಯಲ್ಲಿಟ್ಟರೂ ಮರ್ಯಾದೆಗೆ ಭಂಗವಿಲ್ಲ.

ಮುಂದಿನದು ಶಾಲೆಯ ಲೆಕ್ಕ. ಸೆನ್ಸರ್ ಸ್ಟ್ಯಾಂಡಿನಲ್ಲಿ ಸ್ಥಿರವಾಗಿದೆ, ಫ್ಯಾನ್ ಮಾತ್ರ ತಿರುಗುತ್ತದೆ ಎಂದುಕೊಳ್ಳಿ. ಒಂದೂವರೆ ಮೀಟರ್ ದೂರದಲ್ಲಿ ಒಬ್ಬರು ಕುಳಿತಿದ್ದಾರೆ. ಎಡದಿಂದ ಎಣಿಸಿದರೆ 5, 6, 7ನೇ ಸಾಲುಗಳು ಖಾಲಿ ಕೋಣೆಗಿಂತ ಕ್ರಮವಾಗಿ 2, 5, 3 ಡಿಗ್ರಿ ಹೆಚ್ಚು ಬಿಸಿ. ಸಾಲಿನ ಸಂಖ್ಯೆಯನ್ನು ಅದರ ಹೆಚ್ಚುವರಿ ಬಿಸಿಯಿಂದ ಗುಣಿಸಿ ಕೂಡಿದರೆ 61. ಒಟ್ಟು ಹೆಚ್ಚುವರಿ ಬಿಸಿ 10ರಿಂದ ಭಾಗಿಸಿದರೆ 6.1. ನೋಟದ ನಡುಮಧ್ಯ 4.5. ವ್ಯತ್ಯಾಸ 1.6, ಅದನ್ನು ಏಳೂವರೆಯಿಂದ ಗುಣಿಸಿದರೆ 12. ಫ್ಯಾನ್ 12 ಡಿಗ್ರಿ ಬಲಕ್ಕೆ ತಿರುಗಬೇಕು. ಸರ್ವೋ ಮೋಟಾರು ಆ ಕೆಲಸ ಮಾಡುತ್ತದೆ. ಅಳತೆ ಪ್ರತಿ ಬಾರಿಯೂ ಚೂರು ಏರಿಳಿಯುವುದರಿಂದ, ಮೂರು ನಾಲ್ಕು ಡಿಗ್ರಿಯ ವ್ಯತ್ಯಾಸಕ್ಕೆ ಕದಲಬೇಡ ಎಂದು ಪ್ರೋಗ್ರಾಮಿನಲ್ಲಿ ಬರೆಯದಿದ್ದರೆ ಫ್ಯಾನ್ ಸದಾ ನಡುಗುತ್ತಿರುತ್ತದೆ. ಮೋಟಾರು ಮತ್ತು ಕಂಟ್ರೋಲರ್ ಬೋರ್ಡ್ ಒಂದೇ ದುರ್ಬಲ ಮೂಲದಿಂದ ವಿದ್ಯುತ್ ಎಳೆದರೆ, ಮೋಟಾರು ತಿರುಗಿದಾಗಲೆಲ್ಲ ಬೋರ್ಡ್ ಆರಿ ಹೊತ್ತುತ್ತದೆ.

ಕಷ್ಟ ಇರುವುದು ಇಲ್ಲಿ

ಬೆಂಗಳೂರಿನ ಡಿಸೆಂಬರ್ ಸಂಜೆ ಗೋಡೆ 24 ಡಿಗ್ರಿ, ಚರ್ಮ 33 ಡಿಗ್ರಿ ಇದ್ದರೆ ‘ಅತಿ ಬಿಸಿಯಾದ ಕಡೆಗೆ ತಿರುಗು’ ಎಂಬ ಒಂದೇ ಸಾಲಿನ ಸೂತ್ರ ಸಾಕು. ಅದೇ ಯಂತ್ರವನ್ನು ಮೇ ತಿಂಗಳಲ್ಲಿ ಕಲಬುರಗಿಗೆ ಒಯ್ಯಿರಿ. ಹೊರಗೆ 40 ದಾಟಿರುವಾಗ ಬಿಸಿಲು ಕುಡಿದ ಗೋಡೆ ಮನುಷ್ಯನಷ್ಟೇ ಅಥವಾ ಅವನಿಗಿಂತಲೂ ಬಿಸಿಯಾಗಬಹುದು. ಫ್ಯಾನ್ ಗೋಡೆಗೆ ಗಾಳಿ ಬೀಸುತ್ತದೆ! ಗಾಳಿಯ ಅಗತ್ಯ ಅತಿ ಹೆಚ್ಚಿರುವ ಹೊತ್ತಿಗೇ ಯಂತ್ರ ಕೈಕೊಡುತ್ತದೆ. ದೂರವೂ ಮೋಸ ಮಾಡುತ್ತದೆ. ಮೂರು ಮೀಟರಿನಲ್ಲಿ ಒಂದು ಮನೆ ಸುಮಾರು 43 ಸೆಂಟಿಮೀಟರ್ ಅಗಲ, ಆರು ಮೀಟರಿನಲ್ಲಿ ಅದರ ಇಮ್ಮಡಿ. ಆಗ ಒಂದೇ ಮನೆಯೊಳಗೆ ಅರ್ಧ ಮನುಷ್ಯ, ಅರ್ಧ ಗೋಡೆ ಸೇರಿ 34 ಮತ್ತು 28ರ ಬದಲು 31 ಎಂಬ ಸರಾಸರಿ ಸಿಗುತ್ತದೆ.

ಪರಿಹಾರಗಳಿವೆ. ಖಾಲಿ ಕೋಣೆಯ ಉಷ್ಣತೆಯನ್ನು ನೆನಪಿಟ್ಟು, ಅದಕ್ಕಿಂತ ಬಿಸಿಯೋ ತಂಪೋ, ಬೇರೆಯಾದದ್ದನ್ನು ಹುಡುಕಬೇಕು. ಆ ನೆನಪನ್ನು ಆಗಾಗ ಹೊಸದು ಮಾಡುತ್ತಿರಬೇಕು, ಆದರೆ ಮನುಷ್ಯ ಕುಳಿತ ಜಾಗವನ್ನು ಬಿಟ್ಟು. ಇಲ್ಲವಾದರೆ ಸುಮ್ಮನೆ ಕುಳಿತವರೂ ಯಂತ್ರದ ಲೆಕ್ಕದಲ್ಲಿ ಗೋಡೆಯಾಗಿಬಿಡುತ್ತಾರೆ. 32×24, ಅಂದರೆ 768 ಮನೆಗಳ ಎಂಎಲ್ಎಕ್ಸ್90640 ಸೆನ್ಸರ್ ಬಳಸಬಹುದು, ಬೆಲೆ ಹೆಚ್ಚು. ಇಷ್ಟಾದರೂ ಮನುಷ್ಯ ಮತ್ತು ಗೋಡೆ ಒಂದೇ ಉಷ್ಣತೆಯಲ್ಲಿದ್ದರೆ ಶಾಖವೊಂದನ್ನೇ ನಂಬಿ ಫಲವಿಲ್ಲ, ಇನ್ನೊಂದು ಬಗೆಯ ಸೆನ್ಸರ್ ಬೇಕು.

ಕೊಂಡು ತಂದ ಪ್ರಾಜೆಕ್ಟ್ ಪರೀಕ್ಷೆಯ ದಿನ ಮೇಜಿನ ಮೇಲೆ ಚೆನ್ನಾಗಿಯೇ ತಿರುಗೀತು. ಆದರೆ ಅದು ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂಬುದು ಸ್ವತಃ ಕಟ್ಟಿ, ಹತ್ತು ಬಾರಿ ಬಿಚ್ಚಿದವರಿಗಷ್ಟೇ ಗೊತ್ತಿರುತ್ತದೆ. ಉದ್ಯೋಗದ ಸಂದರ್ಶನದಲ್ಲಿ ಕೇಳುವುದೂ ಅದನ್ನೇ. ದಾನಿಗಳ ಹಣ ನಮ್ಮಲ್ಲಿರುವ ಅಮಾನತ್ತು. ಅದು ಮಕ್ಕಳ ಕಲಿಕೆಗೆ ಸಲ್ಲಬೇಕು, ಅಂಗಡಿಯ ಸಿದ್ಧ ಪೆಟ್ಟಿಗೆಗಲ್ಲ.

ಪ್ರಾಜೆಕ್ಟ್ ನೆರವು ಕೋರುವವರ ಗಮನಕ್ಕೆ

1. ಯಂತ್ರ ಏನನ್ನು ಹಿಂಬಾಲಿಸುತ್ತದೆ, ಕಂಡ ಮೇಲೆ ಏನು ಮಾಡುತ್ತದೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಯಾರಿಗೂ ಹಾನಿ ಮಾಡುವ ಉಪಕರಣಕ್ಕೆ ನೆರವಿಲ್ಲ.
2. ಬಿಡಿಭಾಗಗಳ ಪಟ್ಟಿ ಮತ್ತು ಬೆಲೆ ಲಗತ್ತಿಸಿ. ಒಂದು ಸೆನ್ಸರ್ ಸುಟ್ಟುಹೋದರೆ ಬದಲಿಗೆ ಇನ್ನೊಂದನ್ನು ಪಟ್ಟಿಯಲ್ಲೇ ಸೇರಿಸಬಹುದು.
3. ಕಾಲೇಜಿನ ಮಾರ್ಗದರ್ಶಕರ ಸಹಿ ಕಡ್ಡಾಯ. ಸಿದ್ಧ ಪ್ರಾಜೆಕ್ಟಿನ ಬಿಲ್ಲಿಗೆ ಹಣ ನೀಡುವುದಿಲ್ಲ.
4. ಕೆಲಸ ಮುಗಿದ ಮೇಲೆ ಪ್ರಯೋಗದ ಪಟ್ಟಿ ಕೊಡಿ: ಯಾವ ದೂರ, ಯಾವ ಹೊತ್ತು, ಕೋಣೆಯ ಉಷ್ಣತೆ, ಎಷ್ಟು ಬಾರಿ ಸರಿ, ಎಷ್ಟು ಬಾರಿ ತಪ್ಪು. ತಪ್ಪುಗಳನ್ನು ಬರೆದ ಕಾರಣಕ್ಕೆ ಯಾರ ನೆರವೂ ಕಡಿತವಾಗುವುದಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ಮಗನೋ ಮಗಳೋ ಮನೆಯಲ್ಲಿ ತಂತಿ ಹರಡಿಕೊಂಡು ಕುಳಿತರೆ ಗದರಬೇಡಿ. ಎದುರು ಕುರ್ಚಿಯಲ್ಲಿ ಹತ್ತು ನಿಮಿಷ ಅಲುಗಾಡದೆ ಕುಳಿತುಕೊಳ್ಳಿ. ಆ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.