ಮುಳುಗಿದ ಹಡಗಿನಲ್ಲಿ ಉಳಿದ ಎಣ್ಣೆಯೂ ಕರಾವಳಿಯ ಜಲಚರಗಳೂ

ಹಡಗೊಂದು ಮುಳುಗಿದಾಗ ಅದರಲ್ಲಿದ್ದ ಸರಕು ನಷ್ಟವಾಯಿತೆಂದು ಜನರು ಮರುಗುವುದುಂಟು. ಆದರೆ ಯಂತ್ರಗಳನ್ನು ನಡೆಸುವುದಕ್ಕಾಗಿ ತೊಟ್ಟಿಗಳಲ್ಲಿ ತುಂಬಿದ್ದ ಎಣ್ಣೆಯು ಏನಾಯಿತೆಂದು ವಿಚಾರಿಸುವವರು ವಿರಳ. ಈ ಎಣ್ಣೆಯು ಒಡನೆಯೇ ಹೊರಬೀಳದೆ ಅನೇಕ ವರ್ಷಗಳವರೆಗೆ ಒಳಗೇ ನಿಂತಿದ್ದು, ಉಪ್ಪುನೀರಿನಲ್ಲಿ ಕಬ್ಬಿಣವು ತುಕ್ಕುಹಿಡಿದು ತೆಳ್ಳಗಾದಂತೆಲ್ಲ ಸ್ವಲ್ಪಸ್ವಲ್ಪವಾಗಿ ಸೋರಬಹುದು. ಆದುದರಿಂದ ನೀರಿನ ಮೇಲೆ ಎಣ್ಣೆ ಕಾಣಿಸದಿರುವುದೊಂದೇ ಅಪಾಯವಿಲ್ಲವೆನ್ನುವುದಕ್ಕೆ ಸಾಕಾದ ಆಧಾರವಲ್ಲ.

ಒಂದು ನಿದರ್ಶನ:— ಜೇಕಬ್ ಲಕೆನ್‌ಬಾಕ್ ಎಂಬ ಹಡಗು 1953ನೆಯ ಇಸವಿ ಜುಲೈ ತಿಂಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮೀಪದಲ್ಲಿ ಮತ್ತೊಂದು ಹಡಗಿಗೆ ತಾಗಿ ಮುಳುಗಿತು. ಮುಂದೆ ಅನೇಕ ಚಳಿಗಾಲಗಳಲ್ಲಿ ಆ ತೀರದಲ್ಲಿ ಎಣ್ಣೆ ಮೆತ್ತಿದ ಕಡಲಹಕ್ಕಿಗಳು ಸಿಕ್ಕುತ್ತಿದ್ದರೂ ಕಾರಣವು ತಿಳಿಯಲಿಲ್ಲ. 2002ರಲ್ಲಿ ಹಕ್ಕಿಗಳ ಗರಿಗಳ ಮೇಲಿನ ಎಣ್ಣೆಯನ್ನು ಈ ಹಡಗಿನ ಎಣ್ಣೆಯೊಡನೆ ಹೋಲಿಸಿದಾಗ ಎರಡೂ ಒಂದೇ ಎಂದು ತಿಳಿದುಬಂದಿತು. 1990ರಿಂದ 2003ರ ವರೆಗೆ ಇದರಿಂದ 50,000ಕ್ಕಿಂತ ಹೆಚ್ಚು ಹಕ್ಕಿಗಳು ಸತ್ತುವೆಂದು ಅಂದಾಜು ಮಾಡಲಾಗಿದೆ. ಗಟ್ಟಿಯಾಗಿದ್ದ ಎಣ್ಣೆಯನ್ನು ಕಾಯಿಸಿ ಕರಗಿಸಿ, ಸುಮಾರು 1 ಲಕ್ಷ ಗ್ಯಾಲನ್ನುಗಳಷ್ಟನ್ನು ಹೊರತೆಗೆದರು.

ಅಪಾಯವನ್ನು ಅಳೆಯುವ ಕ್ರಮ:— ಇದರಲ್ಲಿ ನಾಲ್ಕು ಅಂಶಗಳನ್ನು ವಿಚಾರಿಸತಕ್ಕದ್ದು.

(1) ಪ್ರಮಾಣ: ಹಡಗು ಹೊರಟಾಗ ತುಂಬಿದ ಎಣ್ಣೆಯಲ್ಲಿ ದಾರಿಯ ಖರ್ಚನ್ನೂ ಒಡೆದ ತೊಟ್ಟಿಗಳಿಂದ ಸೋರಿಹೋದುದನ್ನೂ ಕಳೆದರೆ ಉಳಿದುದು ತಿಳಿಯುವುದು.

(2) ಜಾತಿ: ಡೀಸೆಲ್ ಎಣ್ಣೆಯು ಬೇಗನೆ ಆವಿಯಾಗುವುದಾದರೂ ಆಳವಿಲ್ಲದ ನೀರಿನಲ್ಲಿ ಕೂಡಲೇ ವಿಷವಾಗಬಲ್ಲದು. ಫರ್ನೇಸ್ ಎಣ್ಣೆಯು ಮಂದವಾಗಿದ್ದು ಬಂಡೆ, ಮರಳು, ಕಾಂಡ್ಲದ ಬೇರುಗಳಿಗೆ ಅಂಟಿ ಬಹುಕಾಲ ನಿಲ್ಲುವುದು.

(3) ಸ್ಥಳ: ನೀರಿನ ಆಳ, ಗಾಳಿ, ಸೆಳೆತ, ಸಮೀಪದ ಅಳಿವೆಗಳು ಇವನ್ನು ನೋಡಬೇಕು.

(4) ಜೀವಿಗಳೂ ಕಾಲವೂ: ಅಲ್ಲಿ ಯಾವ ಪ್ರಾಣಿಗಳು ಯಾವ ಋತುವಿನಲ್ಲಿ ಮರಿಮಾಡುವುವೆಂಬುದು ಮುಖ್ಯ. ಎಣ್ಣೆಯ ಕೆಲವು ಅಂಶಗಳು ಮೀನಿನ ಮೊಟ್ಟೆಯೊಳಗಿನ ಭ್ರೂಣದ ಹೃದಯವನ್ನು ಕೆಡಿಸುವುವು. ಬೆಳೆದ ಮೀನು ಈಜಿ ದೂರ ಹೋಗಬಲ್ಲದು. ತೇಲುವ ಮೊಟ್ಟೆಗೆ ಆ ಶಕ್ತಿಯಿಲ್ಲ. ಪಚ್ಚಿಲೆ, ಮರುವಾಯಿ ಮೊದಲಾದ ಚಿಪ್ಪುಜೀವಿಗಳು ನೀರನ್ನು ಸೋಸಿ ತಿನ್ನುವುದರಿಂದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುವು.

ನಮ್ಮ ಕರಾವಳಿ:— 2006ನೆಯ ಇಸವಿ ಮೇ 30ರಂದು ಓಷನ್ ಸೆರಾಯ ಎಂಬ ಹಡಗು ಕಾರವಾರದ ಬಳಿ ಬಂಡೆಗೆ ತಾಗಿ, ಅದರ ಎಣ್ಣೆಯು ತೀರಕ್ಕೆ ಬಂದಿತು. 2022ನೆಯ ಇಸವಿ ಜೂನ್ ತಿಂಗಳಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿದಾಗ ಅದರಲ್ಲಿ ಸುಮಾರು 220 ಟನ್ ಎಣ್ಣೆಯಿತ್ತು. ಎರಡೂ ಮುಂಗಾರಿನ ಹೊತ್ತಿನಲ್ಲಿಯೇ ಆದುವೆಂಬುದನ್ನು ಗಮನಿಸಬೇಕು. ಆ ಕಾಲದಲ್ಲಿ ಅಲೆಗಳ ಅಬ್ಬರದಿಂದ ಎಣ್ಣೆಯನ್ನು ತೆಗೆಯುವುದು ಕಷ್ಟ. ಬೂತಾಯಿಯು ಮೊಟ್ಟೆಯಿಡುವುದೂ ಆ ಕಾಲದಲ್ಲಿಯೇ. ಮರಿಗಳು ನಾಶವಾದರೆ ಮೀನುಗಾರನಿಗೆ ಅದು ಮುಂದಿನ ಸುಗ್ಗಿಯಲ್ಲಿ ಬರಿದಾದ ಬಲೆಯಿಂದಲೇ ತಿಳಿಯುವುದು.

ಮುಳುಗಿದ ಹಡಗುಗಳೆಲ್ಲವನ್ನೂ ಬರಿದುಮಾಡಬೇಕಾದುದಿಲ್ಲ. ಅಮೆರಿಕದವರು ಸುಮಾರು 20,000 ಹಡಗುಗಳ ಪಟ್ಟಿಯನ್ನು ಶೋಧಿಸಿ, 2013ರಲ್ಲಿ ಅಪಾಯಕರವಾಗಿರಬಹುದಾದ 87ನ್ನು ಆರಿಸಿ, ಅವುಗಳಲ್ಲಿ 17ನ್ನು ಮಾತ್ರ ಹೆಚ್ಚಿನ ಪರೀಕ್ಷೆಗೆ ಗೊತ್ತುಮಾಡಿದರು. ಹೀಗೆ ಆರಿಸುವುದರಿಂದ ಹಣವೂ ಶ್ರಮವೂ ಅವಶ್ಯವಾದ ಕಡೆಗೆ ಸಲ್ಲುವುವು.

ಮೀನುಗಾರರು ಮಾಡತಕ್ಕದ್ದು:— ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಲಿ, ಮರಳಿನಲ್ಲಿ ಡಾಂಬರಿನಂತಹ ಉಂಡೆಯಾಗಲಿ ಕಂಡರೆ ಸ್ಥಳ, ದಿನ, ಹೊತ್ತು, ಗಾಳಿಯ ದಿಕ್ಕು ಇವನ್ನು ಬರೆದಿಟ್ಟು ಕರಾವಳಿ ರಕ್ಷಣಾ ಪಡೆಗೂ ಮೀನುಗಾರಿಕೆ ಇಲಾಖೆಗೂ ತಿಳಿಸಬೇಕು. ಎಣ್ಣೆಯನ್ನು ಬರಿಗೈಯಿಂದ ಮುಟ್ಟದೆ, ಸಾಧ್ಯವಾದರೆ ಸ್ವಲ್ಪವನ್ನು ಶುಚಿಯಾದ ಗಾಜಿನ ಸೀಸೆಯಲ್ಲಿ ಮುಚ್ಚಿಡಬೇಕು. ಅದು ಯಾವ ಹಡಗಿನದೆಂದು ಪರೀಕ್ಷೆಯಿಂದ ಗೊತ್ತಾಗಬಹುದು. ಪರೀಕ್ಷೆ ಮುಗಿಯುವ ತನಕ ಆ ಸ್ಥಳದ ಚಿಪ್ಪುಜೀವಿಗಳನ್ನು ತಿನ್ನುವುದಾಗಲಿ ಮಾರುವುದಾಗಲಿ ಕೂಡದು. ತೊಟ್ಟಿಯು ಒಡೆದ ಮೇಲೆ ತೀರವನ್ನು ತೊಳೆಯುವುದಕ್ಕಿಂತ, ಒಡೆಯುವುದಕ್ಕೆ ಮೊದಲೇ ಎಣ್ಣೆಯನ್ನು ತೆಗೆಯುವುದು ಮೇಲು.